ನಿಕೋಲ್ಸ್ಕೊಯೆಯ ಡಾಕ್ಟರು

1917ರ ಸೆಪ್ಟೆಂಬರಿನಲ್ಲಿ ರಷ್ಯಾದ ಸ್ಮೊಲೆನ್ಸ್ಕ್ ಪ್ರಾಂತ್ಯದ ಸರ್ಕಾರಿ ಕಚೇರಿಯೊಂದು ಇಪ್ಪತ್ತಾರು ವರ್ಷದ ವೈದ್ಯನೊಬ್ಬನಿಗೆ ಸೇವಾಪತ್ರ ಬರೆದುಕೊಟ್ಟಿತು. ನಿಕೋಲ್ಸ್ಕೊಯೆ ಎಂಬ ಹಳ್ಳಿಯ ಆಸ್ಪತ್ರೆಯಲ್ಲಿ ಸುಮಾರು ಒಂದು ವರ್ಷ ಕೆಲಸ ಮಾಡಿದ ಈತ 211 ಒಳರೋಗಿಗಳಿಗೆ ಚಿಕಿತ್ಸೆ ಕೊಟ್ಟಿದ್ದಾನೆ, ಹೊರರೋಗಿಗಳ ಭೇಟಿ ಒಟ್ಟು 15,361 ಎಂದು ಅದರಲ್ಲಿತ್ತು. ಹಬ್ಬ, ಭಾನುವಾರ ಎಲ್ಲ ಸೇರಿಸಿ ಭಾಗಿಸಿದರೂ ದಿನಕ್ಕೆ ನಲವತ್ತು ದಾಟುತ್ತದೆ. ದಣಿವರಿಯದ ಕೆಲಸಗಾರ ಎಂಬ ಮೆಚ್ಚುಗೆಯೂ ಇತ್ತು. ಆ ಹೊತ್ತಿಗೆ ಅವನು ಮಾರ್ಫೀನಿನ ದಾಸನಾಗಿದ್ದ. ಹೆಸರು ಮಿಖಾಯಿಲ್ ಬುಲ್ಗಾಕೊವ್. ಮುಂದೆ ‘ಮಾಸ್ಟರ್ ಅಂಡ್ ಮಾರ್ಗರಿಟಾ’ ಬರೆದವನು.

ಅವನನ್ನು ಅಲ್ಲಿ ಕೂರಿಸಿದ ವ್ಯವಸ್ಥೆಯನ್ನು ಬೈದು ಮುಗಿಸುವುದು ಸುಲಭ. ಆದರೆ ಆ ಕಾಲಕ್ಕೆ ಅದು ದೊಡ್ಡ ಸಾಹಸ. ಜೀತದಾಳುಗಳ ಬಿಡುಗಡೆಯಾದ ಮೂರು ವರ್ಷಕ್ಕೆ, 1864ರಲ್ಲಿ, ರಷ್ಯಾದಲ್ಲಿ ‘ಜೆಮ್‌ಸ್ತ್ವೋ’ ಎಂಬ ಸ್ಥಳೀಯ ಆಡಳಿತ ಮಂಡಳಿಗಳು ಹುಟ್ಟಿದವು. ರಸ್ತೆ, ಶಾಲೆಗಳ ಜೊತೆಗೆ ಹಳ್ಳಿಗರ ಆರೋಗ್ಯವೂ ಅವುಗಳ ಪಾಲಿಗೆ ಬಂತು. ಮೊದಮೊದಲು ವೈದ್ಯ ಊರಿಂದೂರಿಗೆ ಗಾಡಿಯಲ್ಲಿ ತಿರುಗಬೇಕಿತ್ತು. ಅವನು ಬಂದ ದಿನ ಕಾಯಿಲೆ ಇರುತ್ತಿರಲಿಲ್ಲ, ಕಾಯಿಲೆ ಬಂದ ದಿನ ಅವನಿರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಜನರಿಗೆ ಸಿಗುತ್ತಿದ್ದವನು ‘ಫೆಲ್ದ್‌ಶೆರ್’, ನಮ್ಮ ಕಡೆಯ ಕಾಂಪೌಂಡರನ ಹಾಗೆ. (ನಮ್ಮಲ್ಲೂ ಅವನನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರಲ್ಲ!) ಈ ಅಲೆದಾಟ ಬೇಡ, ಒಂದು ಕಡೆ ಆಸ್ಪತ್ರೆ ಕಟ್ಟಿ, ಜನ ಅಲ್ಲಿಗೆ ಬರಲಿ ಎಂದು ವೈದ್ಯರೇ ವರ್ಷಗಟ್ಟಲೆ ಒತ್ತಾಯಿಸಿದರು. ಕ್ರಮೇಣ ಹಾಗೆಯೇ ಆಯಿತು. ಬಹಳ ಕಡೆ ಚಿಕಿತ್ಸೆ ಉಚಿತವೂ ಆಯಿತು. ಗೆದ್ದ ಮೇಲೆ ಆದದ್ದೇನೆಂದರೆ ಜನ ನಿಜಕ್ಕೂ ಬಂದರು, ಬರುತ್ತಲೇ ಹೋದರು.

ಈ ಲೆಕ್ಕದ ಭಾರ ಚೆಕಾಫ್‌ಗೆ ಚೆನ್ನಾಗಿ ಗೊತ್ತಿತ್ತು. 1884ರಲ್ಲಿ ವೈದ್ಯಕೀಯ ಪದವಿ ಪಡೆದ ಆತ ಜೆಮ್‌ಸ್ತ್ವೋ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದ್ದ. 1892ರಲ್ಲಿ ಮೆಲಿಖೊವೋದಲ್ಲಿ ಜಮೀನು ಕೊಂಡು ನೆಲೆಸಿದ ವರ್ಷವೇ ಕಾಲರಾ ಹಬ್ಬಿತು. ಸಂಬಳವಿಲ್ಲದೆ 25 ಹಳ್ಳಿಗಳ ಹೊಣೆ ಹೊತ್ತುಕೊಂಡ. ಶ್ರೀಮಂತರ ಮನೆಬಾಗಿಲಿಗೆ ಹೋಗಿ ರೋಗಿಗಳ ಗುಡಿಸಲಿಗೆ ಹಣ ಬೇಡಿದ. ಬರೆಯಲು ಬಿಡುವಿಲ್ಲ, ಯಾವ ಗಳಿಗೆಯೂ ತನ್ನದಲ್ಲ ಎಂದು ಪತ್ರಗಳಲ್ಲಿ ಗೊಣಗಿದ. ಅದೇ ಬೇಸಿಗೆಯಲ್ಲಿ ವೋಲ್ಗಾ ದಂಡೆಯ ಖ್ವಲಿನ್ಸ್ಕ್ ಊರಿನಲ್ಲಿ, ಕಾಲರಾ ತಂದವನು ನೀನೇ ಎಂದು ಜನ ಒಬ್ಬ ವೈದ್ಯನನ್ನು ಹೊಡೆದು ಕೊಂದಿದ್ದರು.

ಆ ವರ್ಷದ ಕೊನೆಯಲ್ಲಿ ‘ವಾರ್ಡ್ ನಂಬರ್ 6’ ಪ್ರಕಟವಾಯಿತು. ಅದರ ಡಾಕ್ಟರ್ ರಾಗಿನ್ ಆರಂಭದಲ್ಲಿ ಉತ್ಸಾಹದಿಂದಲೇ ದುಡಿಯುತ್ತಾನೆ. ಇವತ್ತು ಮೂವತ್ತು ಜನ, ನಾಳೆ ಮೂವತ್ತೈದು, ನಾಳಿದ್ದು ನಲವತ್ತು. ಊರಿನ ಸಾವು ಮಾತ್ರ ಕಡಿಮೆಯಾಗುವುದಿಲ್ಲ. ವರ್ಷಕ್ಕೆ 12,000 ರೋಗಿಗಳನ್ನು ನೋಡಿದೆನೆಂದರೆ 12,000 ಜನರಿಗೆ ಮೋಸ ಮಾಡಿದೆ ಎಂದೇ ಅರ್ಥ ಎನ್ನುವ ತೀರ್ಮಾನಕ್ಕೆ ಬಂದು ಆಸ್ಪತ್ರೆಗೆ ಹೋಗುವುದನ್ನೇ ಕಡಿಮೆ ಮಾಡುತ್ತಾನೆ. ರಾಗಿನ್‌ನ ಸೋಮಾರಿತನಕ್ಕೆ ಇದು ನೆಪ ಎನ್ನುವವರಿದ್ದಾರೆ. ನಿಜವೇ. ಆದರೂ ಲೆಕ್ಕ ಸುಳ್ಳಲ್ಲ. ವರದಿ ಬರೆಯುವ ಕಚೇರಿಗೆ ಹೆಮ್ಮೆ ತರುವ ಅಂಕಿಯೇ ಕುರ್ಚಿಯಲ್ಲಿ ಕೂತವನ ಆತ್ಮವಿಶ್ವಾಸವನ್ನು ಕೊರೆಯುತ್ತದೆ.

ಬುಲ್ಗಾಕೊವ್‌ಗೆ ಸೋಮಾರಿಯಾಗುವ ಅವಕಾಶವೂ ಇರಲಿಲ್ಲ. ಮಹಾಯುದ್ಧ ನಡೆಯುತ್ತಿತ್ತು, ಅನುಭವಿ ವೈದ್ಯರೆಲ್ಲ ರಣರಂಗಕ್ಕೆ ಹೋಗಿದ್ದರು. ಅವರ ಜಾಗಕ್ಕೆ ಆಗಷ್ಟೇ ಓದು ಮುಗಿಸಿದವರನ್ನು ಕಳಿಸುತ್ತಿದ್ದರು. ನಿಕೋಲ್ಸ್ಕೊಯೆಯಲ್ಲಿ ಉಪಕರಣಗಳಿಗೆ, ಔಷಧಿಗೆ, ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಫೆಲ್ದ್‌ಶೆರ್ ಇದ್ದ, ಸೂಲಗಿತ್ತಿಯರಿದ್ದರು. ಇಲ್ಲದಿದ್ದವನು ಇನ್ನೊಬ್ಬ ವೈದ್ಯ: ಇದು ಸರಿಯೇ ಎಂದು ಕೇಳಲು, ತಪ್ಪಾದರೆ ಹಂಚಿಕೊಳ್ಳಲು ಒಬ್ಬ. ಗಂಟಲಮಾರಿ ತಗುಲಿದ ಮಗುವಿನ ಗಂಟಲಿನ ಪೊರೆಯನ್ನು ಕೊಳವೆಯಿಂದ ಬಾಯಲ್ಲೇ ಎಳೆದು ತೆಗೆದ ಮೇಲೆ, ತನಗೂ ರೋಗ ಬಂದೀತೆಂದು ಆತ ಸೀರಂ ಚುಚ್ಚಿಸಿಕೊಂಡ. ಮೈಯೆಲ್ಲ ಊದಿ ಸಹಿಸಲಾಗದ ತುರಿಕೆ. ನೋವು ತಡೆಯಲು ಮಾರ್ಫೀನ್. ಔಷಧಿ ಕೋಣೆಯ ಬೀಗ ಅವನ ಕೈಯಲ್ಲೇ ಇತ್ತಲ್ಲ. ಇದನ್ನೆಲ್ಲ ನಂತರ ಹೇಳಿದವಳು ಅವನ ಹೆಂಡತಿ ತತ್ಯಾನಾ; ಆ ವರ್ಷ ಜೊತೆಗಿದ್ದವಳು, ಕೊನೆಗೆ ಚಟ ಬಿಡಿಸಿದವಳೂ ಅವಳೇ.

1925ರಿಂದ 1927ರವರೆಗೆ ಬುಲ್ಗಾಕೊವ್ ಈ ಅನುಭವವನ್ನು ಕಥೆಗಳಾಗಿ ಬರೆದ. ಹೆಚ್ಚಿನವು ಅಚ್ಚಾದದ್ದು ವೈದ್ಯಕೀಯ ಸಿಬ್ಬಂದಿಯ ಪತ್ರಿಕೆಯಲ್ಲಿ, ಇದನ್ನೆಲ್ಲ ಕಂಡುಂಡವರ ನಡುವೆ. ಆ ಕಥೆಗಳಲ್ಲಿ ತತ್ಯಾನಾ ಇಲ್ಲ. ಯುವವೈದ್ಯ ಒಂಟಿ. ಇದು ಹೆಂಡತಿಗೆ ಮಾಡಿದ ಅನ್ಯಾಯವೆಂದು ನನಗೆ ಅನ್ನಿಸಿದ್ದುಂಟು. ಈಗ, ಆ ಕೆಲಸದ ಒಂಟಿತನ ಮನೆಯಲ್ಲಿ ಯಾರಿದ್ದರೂ ತೀರದ್ದೆಂದು ಅವನು ಹೇಳುತ್ತಿದ್ದಾನೇನೋ ಅನ್ನಿಸುತ್ತದೆ.

‘ಮಾರ್ಫೀನ್’ ಕಥೆಯ ಮೊದಲ ಪುಟಗಳಲ್ಲಿ ಹಳ್ಳಿಯಿಂದ ಪಟ್ಟಣಕ್ಕೆ ವರ್ಗವಾಗಿ ಬಂದ ಡಾಕ್ಟರ್ ಬೊಮ್‌ಗಾರ್ಡ್ ಹಿಗ್ಗುತ್ತಿರುತ್ತಾನೆ. ಸಂಬಳ ಹೆಚ್ಚಿತೆಂದಲ್ಲ. ಇಲ್ಲಿ ಶಸ್ತ್ರಚಿಕಿತ್ಸೆಗೆ ಬೇರೆಯವರಿದ್ದಾರೆ, ಹೆರಿಗೆಗೆ ಬೇರೆಯವರಿದ್ದಾರೆ. ತನಗಿರುವುದು ಮಕ್ಕಳ ವಾರ್ಡು ಮಾತ್ರ. ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ. ಆಗ ಅವನ ಹಳೆಯ ಹಳ್ಳಿ ಆಸ್ಪತ್ರೆಯಿಂದ ಒಂದು ಕಾಗದ ಬರುತ್ತದೆ. ಆ ಕುರ್ಚಿಯಲ್ಲಿ ಈಗ ಕೂತಿರುವವನು ಪಾಲ್ಯಕೋವ್, ಜೊತೆಯಲ್ಲಿ ಓದಿದವನು. ತನಗೆ ಹುಷಾರಿಲ್ಲ, ಇಲ್ಲಿ ಕೇಳಲು ಯಾರೂ ಇಲ್ಲ, ಸಾಧ್ಯವಾದರೆ ಬಾ ಎಂದು ಬರೆದಿರುತ್ತಾನೆ. ಬೊಮ್‌ಗಾರ್ಡ್ ಹೊರಡುವ ಮೊದಲೇ ಪಾಲ್ಯಕೋವ್‌ನನ್ನು ಪಟ್ಟಣಕ್ಕೆ ಹೊತ್ತು ತರುತ್ತಾರೆ, ಎದೆಗೆ ಗುಂಡು ಹೊಡೆದುಕೊಂಡ ಸ್ಥಿತಿಯಲ್ಲಿ.