ಭೂಪ್ರಭೆ: ಚಂದ್ರನ ಮೂಲಕ ಭೂಮಿಯ ಬೆಳಕಿನ ಅಧ್ಯಯನ

ಅಮಾವಾಸ್ಯೆ ಕಳೆದ ಕೆಲವು ದಿನಗಳವರೆಗೆ ಎಳೆಚಂದ್ರನ ಕತ್ತಲ ಭಾಗವೂ ಮಸುಕಾದ ಬೂದುಬಣ್ಣದಲ್ಲಿ ಗೋಚರಿಸುತ್ತದೆ. ಇದನ್ನು ಭೂಪ್ರಭೆ ಎನ್ನಲಾಗುತ್ತದೆ. ಸೂರ್ಯನ ಬೆಳಕು ಭೂಮಿಯಿಂದ ಪ್ರತಿಫಲಿಸಿ ಚಂದ್ರನನ್ನು ತಲುಪಿ, ಅಲ್ಲಿಂದ ಪುನಃ ನಮ್ಮ ಕಣ್ಣಿಗೆ ಬರುವುದೇ ಇದಕ್ಕೆ ಕಾರಣವಾಗಿರುತ್ತದೆ. ಆ ದಿನಗಳಲ್ಲಿ ಚಂದ್ರನಿಂದ ನೋಡಿದಲ್ಲಿ ಭೂಮಿಯು ಬಹುತೇಕ ಪೂರ್ಣಬಿಂಬವಾಗಿ, ನಮ್ಮ ಹುಣ್ಣಿಮೆ ಚಂದ್ರನಿಗಿಂತ ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು ದೊಡ್ಡದಾಗಿ ಕಾಣುತ್ತದೆ.

ಗೋಗಿ ಹಾಗೂ ಸುತ್ತಲಿನ ಗ್ರಾಮಗಳ ಸಾರ್ವಜನಿಕರು ಇದನ್ನು ಬರಿಗಣ್ಣಿನಿಂದಲೇ ವೀಕ್ಷಿಸಬಹುದು. ಅರ್ಜಿಯಾಗಲಿ ಶುಲ್ಕವಾಗಲಿ ಇರುವುದಿಲ್ಲ. ಯುಗಾದಿಯ ಆಸುಪಾಸಿನ ತಿಂಗಳುಗಳಲ್ಲಿ ಸಂಜೆಯ ಎಳೆಚಂದ್ರನು ಪಶ್ಚಿಮದಲ್ಲಿ ಹೆಚ್ಚು ಎತ್ತರದಲ್ಲಿರುವುದರಿಂದ ಆ ಕಾಲವು ಅನುಕೂಲಕರ. ಚಂದ್ರದರ್ಶನದ ಮೊದಲ ದಿನ ಸಂಜೆಬೆಳಕು ಅಡ್ಡಿಯಾಗುವ ಕಾರಣ, ಮತ್ತೊಂದೆರಡು ದಿನ ಬಿಟ್ಟು ನೋಡುವುದು ಸೂಕ್ತ.

16ನೇ ಶತಮಾನದ ಆರಂಭದಲ್ಲಿ ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಇದರ ಕಾರಣವನ್ನು ಸರಿಯಾಗಿ ವಿವರಿಸಿದ್ದನು. ಆದರೆ ಈ ಬೆಳಕು ಸಮುದ್ರಗಳಿಂದ ಬರುವುದೆಂದು ಆತನು ತಿಳಿದಿದ್ದನು. ವಾಸ್ತವದಲ್ಲಿ ಸಮುದ್ರವು ಕಡಿಮೆ ಬೆಳಕನ್ನು ಮರಳಿಸುತ್ತದೆ. ದೊಡ್ಡ ಪಾಲು ಮೋಡಗಳದ್ದಾಗಿದೆ.

ಭೂಮಿಯು ತನಗೆ ಬಂದ ಸೂರ್ಯನ ಬೆಳಕಿನಲ್ಲಿ ಸುಮಾರು ಶೇ. 30ರಷ್ಟನ್ನು ಹಿಂದಿರುಗಿಸುತ್ತದೆ. ಉಳಿದದ್ದು ಇಲ್ಲಿ ಹೀರಲ್ಪಟ್ಟು ಶಾಖವಾಗುತ್ತದೆ. ಆದುದರಿಂದ ಈ ಲೆಕ್ಕದಲ್ಲಿ ಅಲ್ಪ ವ್ಯತ್ಯಾಸವೂ ಮುಖ್ಯವೇ. ಚಂದ್ರನ ಬೆಳಗಿದ ಭಾಗವನ್ನೂ ಕತ್ತಲ ಭಾಗವನ್ನೂ ಒಟ್ಟಿಗೆ ಅಳೆದು ಹೋಲಿಸಿದಲ್ಲಿ, ಎರಡೂ ಒಂದೇ ವಾಯುಮಂಡಲದ ಮೂಲಕ ಬರುವುದರಿಂದ ಅಳತೆಯ ದೋಷವು ಬಹುಮಟ್ಟಿಗೆ ವಜಾ ಆಗುತ್ತದೆ. ಅಮೆರಿಕದ ಬಿಗ್ ಬೇರ್ ಸೌರ ವೀಕ್ಷಣಾಲಯದಲ್ಲಿ 1998ರಿಂದ 2017ರವರೆಗೆ ಹೀಗೆ ಅಳೆಯಲಾಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಅವಧಿಯಲ್ಲಿ ಭೂಮಿಯು ಮರಳಿಸುವ ಬೆಳಕು ಪ್ರತಿ ಚದರ ಮೀಟರಿಗೆ ಸುಮಾರು ಅರ್ಧ ವಾಟ್‌ನಷ್ಟು ಇಳಿದಿದ್ದು, ಇಳಿಕೆಯ ಹೆಚ್ಚಿನ ಪಾಲು ಕೊನೆಯ ಮೂರು ವರ್ಷಗಳಲ್ಲಿ ಕಂಡುಬಂದಿದೆ. ಪೂರ್ವ ಪೆಸಿಫಿಕ್ ಸಾಗರದ ಮೇಲೆ ಕೆಳಮಟ್ಟದ ಮೋಡಗಳು ಕಡಿಮೆಯಾದದ್ದು ಇದಕ್ಕೆ ಕಾರಣವೆಂದು ಹೇಳಲಾಗಿದೆ.

ಚಂದ್ರನ ಬಳಿಯಿಂದ ಭೂಮಿಯ ಬೆಳಕನ್ನು ನೇರವಾಗಿ ಅಳೆಯುವ ಕಾರ್ಯದಲ್ಲಿ ನಮ್ಮ ರಾಜ್ಯದ ಪಾತ್ರವೂ ಇದೆ. 2023ರ ಜುಲೈ 14ರಂದು ಉಡಾವಣೆಗೊಂಡ ಚಂದ್ರಯಾನ-3ರ ನೋದನ ಘಟಕದಲ್ಲಿ, ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರವು ಸಿದ್ಧಪಡಿಸಿದ ‘ಶೇಪ್’ ಎಂಬ ಉಪಕರಣವನ್ನು ಅಳವಡಿಸಲಾಗಿತ್ತು. ಜೀವಿಗಳಿರುವ ಗ್ರಹದ ಬೆಳಕು ದೂರದಿಂದ ಹೇಗಿರುತ್ತದೆಂದು ದಾಖಲಿಸಿ, ಇತರ ನಕ್ಷತ್ರಗಳ ಗ್ರಹಗಳೊಂದಿಗೆ ಹೋಲಿಸುವುದು ಇದರ ಉದ್ದೇಶ. 2023ರ ಅಕ್ಟೋಬರ್ 28ರ ಚಂದ್ರಗ್ರಹಣದ ವೇಳೆಯಲ್ಲಿಯೂ ಇದನ್ನು ವಿಶೇಷವಾಗಿ ಚಾಲನೆಗೊಳಿಸಲಾಗಿತ್ತು.