ಸೆಂಡ್‌ಫೈಲ್ ರ್ಯಾಪರ್: ಬೈಟ್ ಲೆಕ್ಕದ ಬಗ್ಗೆ ಒಂದು ಟಿಪ್ಪಣಿ

1. ವ್ಯಾಪ್ತಿ
ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳೂ ಇದ್ದವು. ಇಂಥ ಸಂಗ್ರಹಗಳನ್ನು ಒದಗಿಸುವ ಸರ್ವರ್‌ಗಳ ಕೆಲಸದಲ್ಲಿ ದೊಡ್ಡ ಪಾಲು ಡಿಸ್ಕಿನ ಬೈಟ್‌ಗಳನ್ನು ಸಾಕೆಟ್‌ಗೆ ದಾಟಿಸುವುದು. ಪ್ರೋಗ್ರಾಮಿನ ಬಫರ್‌ಗೆ ತಾರದೆ ಕರ್ನಲ್‌ನೊಳಗೇ ಅವನ್ನು ದಾಟಿಸುವ ಸಿಸ್ಟಂ ಕಾಲ್ ಸೆಂಡ್‌ಫೈಲ್. ಲಿನಕ್ಸ್, ಫ್ರೀಬಿಎಸ್‌ಡಿಗಳೆರಡಕ್ಕೂ ಒಪ್ಪುವ ರ್ಯಾಪರ್‌ನಲ್ಲಿ ಬೈಟ್ ಲೆಕ್ಕ ಹೇಗಿರಬೇಕೆಂಬುದಷ್ಟೇ ಇಲ್ಲಿಯ ವಿಚಾರ.

2. ಕಾಲ ಮತ್ತು ಆರ್ಗ್ಯುಮೆಂಟ್ ಕ್ರಮ
ಫ್ರೀಬಿಎಸ್‌ಡಿಯಲ್ಲಿ ಇದು 3.0ರಿಂದ (1998), ಲಿನಕ್ಸ್‌ನಲ್ಲಿ 2.2ರಿಂದ (1999) ಇದೆ. ಪಾಸಿಕ್ಸ್ ಇದನ್ನು ನಿಗದಿಪಡಿಸಿಲ್ಲ. ಲಿನಕ್ಸ್‌ನಲ್ಲಿ ಸಾಕೆಟ್ ಮೊದಲು, ಫೈಲ್ ನಂತರ, ಫ್ರೀಬಿಎಸ್‌ಡಿಯಲ್ಲಿ ತಿರುವುಮುರುವು. ಎರಡೂ ಬರಿಯ ಪೂರ್ಣಾಂಕಗಳಾದ್ದರಿಂದ ಅದಲುಬದಲಾದರೆ ಆ ಕಾರಣಕ್ಕೆ ಕಂಪೈಲರ್ ಎಚ್ಚರಿಸುವುದಿಲ್ಲ.

3. ಮುಖ್ಯ ವ್ಯತ್ಯಾಸ
ನಾನ್‌ಬ್ಲಾಕಿಂಗ್ ಸಾಕೆಟ್‌ಗೆ 65,536 ಬೈಟ್ ಕಳಿಸಲು ಹೇಳಿದಾಗ 20,000 ಮಾತ್ರ ಹೋಯಿತೆನ್ನೋಣ. ಲಿನಕ್ಸ್ 20,000 ಎಂದೇ ಹಿಂದಿರುಗಿಸುತ್ತದೆ. ಫ್ರೀಬಿಎಸ್‌ಡಿ ಹಿಂದಿರುಗಿಸುವುದು −1, ದೋಷಸಂಕೇತ ಇ-ಅಗೇನ್. ಹೋದ 20,000ದ ಲೆಕ್ಕ ಬೇರೊಂದು ಪಾಯಿಂಟರ್ ಮೂಲಕ ಬರುತ್ತದೆ. −1 ಕಂಡೊಡನೆ ‘ಏನೂ ಹೋಗಿಲ್ಲ’ ಎಂದು ಬಗೆಯುವ ರ್ಯಾಪರ್ ಹಳೆಯ ಆಫ್‌ಸೆಟ್‌ನಿಂದಲೇ ಮತ್ತೆ ಕಳಿಸುತ್ತದೆ. ಆ ಬೈಟ್‌ಗಳು ಎರಡು ಸಲ ಹೋಗುತ್ತವೆ. ಒಟ್ಟು ಉದ್ದ ಮೊದಲೇ ಘೋಷಿತವಾಗಿದ್ದರೆ ಕೊನೆಯ 20,000 ಬೈಟ್ ಓದುಗನ ಪ್ರತಿಯಲ್ಲಿ ಬಿಟ್ಟುಹೋಗುತ್ತವೆ. ಪಿಡಿಎಫ್‌ನ ಆಂತರಿಕ ಸೂಚಿ ಸಾಮಾನ್ಯವಾಗಿ ಫೈಲಿನ ಕೊನೆಯಲ್ಲೇ ಇರುವುದರಿಂದ ನಷ್ಟ ಸಣ್ಣದಲ್ಲ.

ಆದ್ದರಿಂದ ‘ಎಷ್ಟು ಹೋಯಿತು’, ‘ಏಕೆ ನಿಂತಿತು’ ಎಂಬೆರಡನ್ನೂ ರ್ಯಾಪರ್ ಪ್ರತ್ಯೇಕವಾಗಿ ಹಿಂದಿರುಗಿಸುವುದು ಸೂಕ್ತವೆಂದು ತೋರುತ್ತದೆ. ಒಂದೇ ಸಂಖ್ಯೆಯಲ್ಲಿ ಎರಡನ್ನೂ ಅಡಗಿಸುವ ಲಿನಕ್ಸ್ ಮಾದರಿ ನೋಡಲು ಚೊಕ್ಕ, ಆದರೆ ಇಲ್ಲಿ ಸಾಲದು.

4. ಒಂದು ಕರೆಯ ಮಿತಿ
ಲಿನಕ್ಸ್‌ನಲ್ಲಿ ಒಂದು ಕರೆಗೆ ಗರಿಷ್ಠ 2,14,74,79,552 ಬೈಟ್. 64 ಬಿಟ್ ಯಂತ್ರದಲ್ಲೂ ಇಷ್ಟೇ. ಇದು 2ರ 31ನೇ ಘಾತದಿಂದ 4,096 ಬೈಟ್‌ನ ಒಂದು ಪುಟ ಕಳೆದ ಮೊತ್ತ. 3,22,12,25,472 ಬೈಟ್‌ನ ಫೈಲಿಗೆ ಮೊದಲ ಕರೆ ಪೂರ್ತಿ ಸಾಗಿದರೂ 1,07,37,45,920 ಉಳಿಯುತ್ತದೆ. ಆವರ್ತನ ಅನಿವಾರ್ಯ.

5. ಸೊನ್ನೆ
ಉದ್ದ 0 ಎಂದರೆ ಫ್ರೀಬಿಎಸ್‌ಡಿಗೆ ‘ಫೈಲಿನ ಕೊನೆಯವರೆಗೆ’. ಲಿನಕ್ಸ್ ಏನೂ ಕಳಿಸುವುದಿಲ್ಲ. ಆವರ್ತನದ ಕೊನೆಗೆ ಉಳಿಕೆ ಸೊನ್ನೆಯಾದಾಗ ಅದನ್ನೇ ಮತ್ತೆ ಕರ್ನಲ್‌ಗೆ ಕೊಟ್ಟರೆ, ಕೇಳಿದ ಭಾಗವನ್ನು ಮೀರಿ ಮುಂದಿನ ಬೈಟ್‌ಗಳೂ ಹೋಗಬಹುದು. ಸೊನ್ನೆಯ ಪರೀಕ್ಷೆ ರ್ಯಾಪರ್‌ನಲ್ಲಿ ಕರೆಗೆ ಮೊದಲೇ ಇರಬೇಕು.