ರೈಲು ಬಿಟ್ಟುಹೋದ ಊರುಗಳು, ಬಸ್ಸನ್ನೇ ನಂಬಿದ ಜನ

ಕಿತ್ತೂರು ಅಂದರೆ ರಾಣಿ ಚೆನ್ನಮ್ಮ. ಬೈಲಹೊಂಗಲ ಅಂದರೆ ಅದೇ ರಾಣಿಯ ಸಮಾಧಿ, ಜೊತೆಗೆ ಹತ್ತಿ ಪೇಟೆ. ಸವದತ್ತಿ ಅಂದರೆ ಯಲ್ಲಮ್ಮನ ಗುಡ್ಡ, ಮಲಪ್ರಭೆಯ ನವಿಲುತೀರ್ಥ. ರಾಮದುರ್ಗ ಅಂದರೆ 1948ರ ತನಕ ತನ್ನದೇ ರಾಜರಿದ್ದ ಒಂದು ಪುಟ್ಟ ಸಂಸ್ಥಾನ. ಬೆಳಗಾವಿ ಜಿಲ್ಲೆಯ ಈ ನಾಲ್ಕು ಊರುಗಳ ಚರಿತ್ರೆ ಒಂದೊಂದು ಥರ. ಆದರೆ ಒಂದು ವಿಷಯದಲ್ಲಿ ನಾಲ್ಕೂ ಒಂದೇ. ಯಾವ ಊರಿನಲ್ಲೂ ರೈಲ್ವೆ ಸ್ಟೇಷನ್ ಇಲ್ಲ.

ಇದೇನು ದೊಡ್ಡ ವಿಷಯ, ಎಷ್ಟೋ ಊರುಗಳಿಗೆ ರೈಲಿಲ್ಲ ಅಂತೀರಾ? ಇರಬಹುದು. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಈ ಭಾಗದ ಯಾವುದಾದರೂ ಕ್ರಾಸಿನಲ್ಲಿ ನಿಂತು ಜನರ ಮಾತು ಕೇಳಿ. "ಒಂದೂವರಿ ಗಾಡಿ ಬಂತೇನ್ರಿ?" "ಇಲ್ರಿ, ಅಲ್ಲೆಲ್ಲೋ ಕೆಟ್ಟು ನಿಂತೈತಂತ." ಆಮೇಲೆ ಬಸ್ಸಿಗೆ ಬೈಗುಳ, ಡ್ರೈವರಿಗೆ ಬೈಗುಳ, ಸರ್ಕಾರಕ್ಕೆ ಬೈಗುಳ. ಡಕೋಟಾ ಬಸ್ಸು, ಗುಜರಿಗೆ ಹಾಕೋ ಗಾಡಿ ನಮಗ ಕಳಸ್ತಾರ... ಈ ಮಾತು ಹೊಸದಲ್ಲ. ಆದರೆ ಹಳೇ ಬಸ್ಸು ಉಳಿದ ಕಡೆಗಿಂತ ಇಲ್ಲೇ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಯೋಚಿಸುತ್ತಾ ಹೋದರೆ ನೂರಾ ನಲವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ಅದನ್ನೇ ಇಲ್ಲಿ ಬರೆಯಲು ಹೊರಟಿದ್ದೇನೆ.

1876-78ರ ಭೀಕರ ಬರದಲ್ಲಿ ಮುಂಬೈ ಕರ್ನಾಟಕದ ಬಯಲುಸೀಮೆಯಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಒಂದು ಕಡೆಯ ಕಾಳು ಇನ್ನೊಂದು ಕಡೆಗೆ ಬೇಗ ಸಾಗಿಸಲು ದಾರಿಯೇ ಇರಲಿಲ್ಲ. ರೈಲು ಹಾಕಬೇಕೆಂಬ ಒತ್ತಡ ಹೆಚ್ಚಿದ್ದು ಆಗ. ಜೊತೆಗೆ ಧಾರವಾಡ ಸೀಮೆಯ ಹತ್ತಿಯನ್ನು ಸಮುದ್ರಕ್ಕೆ ಮುಟ್ಟಿಸುವ ಆಸೆಯೂ ಬ್ರಿಟಿಷರಿಗೆ ಇತ್ತು ಅನ್ನಿ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದೇ ದಶಕದಲ್ಲಿ ಎರಡು ಹಳಿಗಳು ಬಂದವು. ಒಂದು ಪೂರ್ವದಲ್ಲಿ, ಹೋಟಗಿಯಿಂದ ವಿಜಾಪುರ, ಬಾಗಲಕೋಟೆ, ಬಾದಾಮಿ ದಾಟಿ ಗದಗಕ್ಕೆ. ಇನ್ನೊಂದು ಪಶ್ಚಿಮದಲ್ಲಿ, ಗದಗ, ಹುಬ್ಬಳ್ಳಿ, ಧಾರವಾಡ, ಅಳ್ನಾವರ, ಲೋಂಡಾ. ಅಲ್ಲಿಂದ ಒಂದು ಕವಲು ಘಟ್ಟ ಇಳಿದು ಗೋವಾದ ಮುರಗಾಂವ್ ಬಂದರಿಗೆ, ಇನ್ನೊಂದು ಖಾನಾಪುರದ ಮೇಲೆ ಬೆಳಗಾವಿಗೆ.

ಈಗ ನಕ್ಷೆ ಬಿಡಿಸಿ ನೋಡಿ. ಎರಡು ಹಳಿಗಳ ನಡುವೆ ಉಳಿದ ಜಾಗದಲ್ಲೇ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಕೂತಿವೆ. ಧಾರವಾಡದಿಂದ ಬೆಳಗಾವಿಗೆ ನೆಟ್ಟಗೆ ಗೆರೆ ಎಳೆದರೆ ಅದು ಕಿತ್ತೂರಿನ ಹತ್ತಿರವೇ ಹೋಗುತ್ತದೆ. ರೈಲು ಮಾತ್ರ ಲೋಂಡಾ ಸುತ್ತಿ ಸುಮಾರು 120 ಕಿ.ಮೀ. ಓಡುತ್ತದೆ. ಕಿತ್ತೂರಿನ ಮೇಲೆ ಸುಮಾರು 73 ಕಿ.ಮೀ. ನೇರ ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ಸಿಕ್ಕಿತು. ಆಗ ರೈಲ್ವೆ ರಾಜ್ಯ ಸಚಿವರಾಗಿದ್ದ ಬೆಳಗಾವಿಯ ಸುರೇಶ ಅಂಗಡಿಯವರು ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಆ ದಾರಿಯಲ್ಲಿ ರೈಲು ಇನ್ನೂ ಓಡಿಲ್ಲ. ಲೋಕಾಪುರ, ರಾಮದುರ್ಗ, ಸವದತ್ತಿ, ಧಾರವಾಡ ಮಾರ್ಗದ ಬೇಡಿಕೆಯಂತೂ ಇನ್ನೂ ಮನವಿ ಪತ್ರಗಳಲ್ಲೇ ಇದೆ.

ಹೀಗಾಗಿ ಇಲ್ಲಿ ಚಕ್ಕಡಿಯ ನಂತರ ಬಂದದ್ದು ರೈಲಲ್ಲ, ಮೋಟಾರು. ಮೊದಲು ಖಾಸಗಿಯವರ ಸರ್ವಿಸ್ ಮೋಟಾರುಗಳು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಶನ್ ಬಂದಾಗ ಕನ್ನಡ ನಾಡಿನ ತುಂಬ ಬಸ್ಸುಗಳು ಇದ್ದಿಲಿನ ಹೊಗೆಯ ಮೇಲೆ ಓಡಿದವು. ಬಸ್ಸಿನ ಹಿಂದೆ ಒಲೆಯಂಥ ಡ್ರಮ್ಮು, ಅದಕ್ಕೆ ಗಾಳಿ ಊದಿ ಊದಿ ಹೊರಡಿಸಬೇಕು, ಏರು ಬಂದರೆ ಜನ ಇಳಿದು ತಳ್ಳಬೇಕು. "ಇಳಿದು ತಳ್ಳೋದು" ಅನ್ನುವ ಕಲೆಯಲ್ಲಿ ನಮ್ಮ ಹಿರಿಯರು ಆಗಲೇ ಪಳಗಿದ್ದರು ನೋಡಿ!

ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರ್ಕಾರ ಬಸ್ಸುಗಳನ್ನು ರಾಷ್ಟ್ರೀಕರಣ ಮಾಡಿತು. 1948ರ ಜೂನ್ 1ರಂದು ಪುಣೆ-ಅಹಮದನಗರ ನಡುವೆ ಮೊದಲ ಸರ್ಕಾರಿ ಬಸ್ಸು ಓಡಿತು. ಬೆಳಗಾವಿ ಆಗ ಮುಂಬೈ ಪ್ರಾಂತದಲ್ಲಿತ್ತು, ಆದ್ದರಿಂದ ಇಲ್ಲಿಗೂ ಆ 'ಸ್ಟೇಟ್ ಟ್ರಾನ್ಸ್‌ಪೋರ್ಟ್' ಬಂತು. ಇವತ್ತಿಗೂ ನಮ್ಮ ಗಡಿ ಕಡೆಯ ಹಿರಿಯರು ಸರ್ಕಾರಿ ಬಸ್ಸಿಗೆ 'ಎಸ್ಟಿ' ಅನ್ನುವುದು ಆ ಕಾಲದ ಉಳಿಕೆ. ಅತ್ತ ಮೈಸೂರು ಸರ್ಕಾರವೂ ಅದೇ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನ ಸಾರಿಗೆ ಇಲಾಖೆ ಶುರು ಮಾಡಿತ್ತು. 1956ರ ನವೆಂಬರ್ 1ರ ಏಕೀಕರಣದಲ್ಲಿ ನಮ್ಮ ಕಡೆಯ ಸರ್ಕಾರಿ ಬಸ್ಸುಗಳು ಮೈಸೂರಿನ ಪಾಲಿಗೆ ಬಂದವು. 1961ರ ಆಗಸ್ಟಿನಲ್ಲಿ ಇಲಾಖೆ ಹೋಗಿ ನಿಗಮವಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದಾಗ ಬಸ್ಸಿನ ಮೇಲಿನ ಹೆಸರೂ ಬದಲಾಯಿತು. 1997ರ ನವೆಂಬರಿನಲ್ಲಿ ನಿಗಮ ಒಡೆದು, ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಆಯಿತು. ಐವತ್ತು ವರ್ಷದಲ್ಲಿ ಇಷ್ಟೊಂದು ಹೆಸರು!

ಈ ಇತಿಹಾಸದ ಫಲ ಏನು ಗೊತ್ತೇ? ಮಂಗಳೂರು, ಉಡುಪಿ, ಶಿವಮೊಗ್ಗ, ತುಮಕೂರು ಕಡೆಯ ಗೆಳೆಯರಿಗೆ ಇದು ಅಷ್ಟು ಬೇಗ ಹೊಳೆಯಲಿಕ್ಕಿಲ್ಲ. ನಿಮ್ಮಲ್ಲಿ ಒಂದು ಬಸ್ಸು ಕೈಕೊಟ್ಟರೆ ಹಿಂದೆಯೇ ಇನ್ನೊಬ್ಬ ಮಾಲೀಕರ ಬಸ್ಸು ಹಾರ್ನ್ ಹೊಡೆಯುತ್ತಾ ಬರುತ್ತದೆ. ನಮ್ಮ ಕಡೆ ಊರೂರಿಗೆ ಓಡುವ ಖಾಸಗಿ ಬಸ್ಸು ಇಲ್ಲವೆನ್ನುವಷ್ಟು ಕಡಿಮೆ. ರೈಲಿಲ್ಲ, ಖಾಸಗಿ ಬಸ್ಸಿಲ್ಲ, ಇರುವುದು ಸರ್ಕಾರಿ ಬಸ್ಸೊಂದೇ. ಅದು ಬರದಿದ್ದರೆ ಟಂಟಂ, ಇಲ್ಲವೇ ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ತುರುಕುವ ಕ್ರೂಸರ್.

ರಾಷ್ಟ್ರೀಕರಣ ತಪ್ಪಾಯಿತು ಅಂತ ನಾನು ಹೇಳುತ್ತಿಲ್ಲ. ಲಾಭವಿಲ್ಲದ ಹಳ್ಳಿಗೆ ಖಾಸಗಿಯವರು ಬಸ್ಸು ಬಿಡುತ್ತಿರಲಿಲ್ಲ. ರಾತ್ರಿ ಹಳ್ಳಿಯಲ್ಲೇ ಉಳಿದು ಬೆಳಗಿನ ಜಾವ ಹೊರಡುವ ವಸ್ತಿ ಬಸ್ಸು ಇದೆಯಲ್ಲ, ಅದು ಎಷ್ಟು ಮಕ್ಕಳನ್ನು ಕಾಲೇಜು ಕಾಣಿಸಿದೆಯೋ! ಆದರೆ ಒಂದೇ ದಾರಿ ಇಟ್ಟ ಮೇಲೆ ಆ ದಾರಿ ಗಟ್ಟಿಯಾಗಿರಬೇಕು ಅನ್ನುವುದು ನನ್ನ ಮಾತು.

ಇನ್ನು ಬಸ್ಸಿನ ವಯಸ್ಸಿನ ವಿಷಯ. ಬಸ್ಸಿಗೆ ವಯಸ್ಸಾಗುವುದು ವರ್ಷದಲ್ಲಲ್ಲ, ಕಿಲೋಮೀಟರಿನಲ್ಲಿ. ಸುಮ್ಮನೆ ಒಂದು ಲೆಕ್ಕ ಹಾಕೋಣ. ದಿನಕ್ಕೆ 350 ಕಿ.ಮೀ. ಓಡುವ ಬಸ್ಸು ವರ್ಷಕ್ಕೆ ಒಂದೂಕಾಲು ಲಕ್ಷ ಕಿ.ಮೀ. ದಾಟುತ್ತದೆ. ಏಳು ವರ್ಷಕ್ಕೆ ಹತ್ತಿರ ಹತ್ತಿರ ಒಂಬತ್ತು ಲಕ್ಷ. ಚಂದ್ರ ನಮ್ಮಿಂದ 3.84 ಲಕ್ಷ ಕಿ.ಮೀ. ದೂರ ಇದ್ದಾನೆ. ಅಂದರೆ ಚಂದ್ರನ ಹತ್ತಿರ ಹೋಗಿ, ತಿರುಗಿ ಬಂದು, ಮತ್ತೂ ಒಂದಿಷ್ಟು ಓಡಿದ ಹಾಗೆ. ಅದೂ ನಮ್ಮ ತಗ್ಗು-ದಿನ್ನೆ ರಸ್ತೆಗಳಲ್ಲಿ! ಸರ್ಕಾರಿ ವಾಹನಗಳು 15 ವರ್ಷ ದಾಟಿದರೆ ನೋಂದಣಿ ಇಲ್ಲ ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಬಂತು, ಸಾರಿಗೆ ನಿಗಮಗಳ ಬಸ್ಸಿಗೂ ಅದು ಅನ್ವಯ. ಒಳ್ಳೆಯದೇ. ಆದರೆ 15 ತುಂಬುವ ಎಷ್ಟೋ ಮೊದಲೇ ಬಸ್ಸಿನ ಎಲುಬು ಸವೆದಿರುತ್ತದೆ.

ಇನ್ನೊಂದು ಗುಟ್ಟು. ಹೊಸ ಬಸ್ಸು ಮೊದಲು ದೂರದ ಊರಿಗೆ ಹೋಗುತ್ತದೆ. ಅಲ್ಲಿ ವೇಗದೂತ ಅನ್ನಿಸಿಕೊಂಡು ಕೆಲವು ಲಕ್ಷ ಕಿ.ಮೀ. ಓಡಿ ದಣಿದ ಮೇಲೆ ಸಾಮಾನ್ಯ ಬಸ್ಸಾಗಿ ಹಳ್ಳಿಯ ಮಾರ್ಗಕ್ಕೆ ಇಳಿಯುತ್ತದೆ. ನಮ್ಮ ಹಳ್ಳಿಗೆ ಬರುವ ಬಸ್ಸು ಎಲ್ಲೋ ತನ್ನ ಯೌವನ ಕಳೆದು ಬಂದದ್ದು. ಹೆದ್ದಾರಿಯಲ್ಲಿ ಕೆಟ್ಟರೆ ಹಿಂದಿನ ಬಸ್ಸಿಗೆ ಜನರನ್ನು ಹತ್ತಿಸಬಹುದು, ಸಂಜೆ ಬರುವ ಒಂದೇ ಬಸ್ಸು ಹೊಲದ ನಡುವೆ ಕೆಟ್ಟರೆ? ಅಂದರೆ ಕೆಡಲೇಬಾರದ ಕಡೆಗೇ ಕೆಡುವ ಬಸ್ಸು ಹೋಗುತ್ತದೆ.

ಬೇಸಿಗೆಯಲ್ಲಿ ಇದೆಲ್ಲ ಒಟ್ಟಿಗೆ ಹೊರಬೀಳುತ್ತದೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಂತೆ ನೆರಳು ಕಡಿಮೆ, ಬಿಸಿಲು ಜಾಸ್ತಿ. ಹಳೇ ರೇಡಿಯೇಟರಿನ ಕೊಳವೆಗಳಲ್ಲಿ ಗಸಿ ಕಟ್ಟಿರುತ್ತದೆ, ನೀರು ಸರಿಯಾಗಿ ತಿರುಗುವುದಿಲ್ಲ, ಎಂಜಿನ್ ಕುದಿಯುತ್ತದೆ. ಕಂಡಕ್ಟರು ಕ್ಯಾನ್ ಹಿಡಿದು ನೀರು ಹುಡುಕಲು ಹೋಗುತ್ತಾರೆ. ಸುಡುವ ಡಾಂಬರಿನ ಮೇಲೆ ರೀಟ್ರೆಡ್ ಟೈರಿನ ಪಟ್ಟಿ ಕಿತ್ತು ಬರುತ್ತದೆ. ನಮ್ಮ ಸಾಮಾನ್ಯ ಬಸ್ಸುಗಳಲ್ಲಿ ಎಂಜಿನ್ ಇರುವುದು ಮುಂದೆ, ಡ್ರೈವರಿನ ಪಕ್ಕದಲ್ಲೇ. ನಾವು ಬೈಯುವ ಆ ಮನುಷ್ಯ ಇಡೀ ದಿನ ಒಲೆಯ ಪಕ್ಕ ಕೂತು ಗಾಡಿ ಓಡಿಸಿರುತ್ತಾನೆ ಅನ್ನುವುದು ಸಿಟ್ಟಿನಲ್ಲಿ ಮರೆತುಹೋಗುತ್ತದೆ.

ಬೇಕಾದಾಗಲೇ ಬಸ್ಸು ಕಡಿಮೆಯಾಗುವುದೂ ಬೇಸಿಗೆಯಲ್ಲೇ. ಚೈತ್ರದಲ್ಲಿ ದವನದ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಜನಸಾಗರ. ವಿಶೇಷ ಬಸ್ಸು ಬಿಡುತ್ತಾರೆ, ಆದರೆ ವಿಶೇಷ ಬಸ್ಸೇನು ಆಕಾಶದಿಂದ ಇಳಿಯುವುದಿಲ್ಲವಲ್ಲ? ಯಾವುದೋ ಮಾರ್ಗದ್ದನ್ನೇ ತೆಗೆಯಬೇಕು. ಮದುವೆಗೆ ಬಾಡಿಗೆ ಕೊಟ್ಟ ಬಸ್ಸಿನ ಕಥೆಯೂ ಅಷ್ಟೇ. ಅದೇ ಮಾರ್ಚ್-ಏಪ್ರಿಲ್ಲಿನಲ್ಲಿ ಹತ್ತನೆಯ ತರಗತಿ, ಪಿಯುಸಿ ಪರೀಕ್ಷೆ. ಪರೀಕ್ಷೆ ಹೊತ್ತಿಗೆ ಶುರುವಾಗುತ್ತದೆ, "ಬಸ್ಸು ಕೆಟ್ಟಿತ್ರಿ ಸರ್" ಅಂದರೆ ಕಾಯುವುದಿಲ್ಲ.

ಹಣದ ಕಥೆಯನ್ನೂ ಹೇಳಬೇಕು. 2020ರ ಫೆಬ್ರುವರಿಯಲ್ಲಿ ಏರಿದ ಟಿಕೆಟ್ ದರ ಮತ್ತೆ ಏರಿದ್ದು 2025ರ ಜನವರಿ 5ರಂದು, ಶೇಕಡಾ 15. ನಡುವೆ ಡೀಸೆಲ್ ಸುಮ್ಮನಿರಲಿಲ್ಲ. ಕೊರೋನಾ ಬಂತು, ಬಸ್ಸು ನಿಂತವು, 2021ರ ಏಪ್ರಿಲ್ಲಿನಲ್ಲಿ ನೌಕರರ ಮುಷ್ಕರವೂ ಆಯಿತು. ಆ ವರ್ಷಗಳಲ್ಲಿ ಹೊಸ ಬಸ್ಸಿನ ಖರೀದಿ ಬಹುತೇಕ ನಿಂತುಹೋಯಿತು. ಇದ್ದ ಬಸ್ಸುಗಳಿಗೆ ವಯಸ್ಸಾಗುವುದು ಮಾತ್ರ ನಿಲ್ಲಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಬಸ್ಸು ಹತ್ತುವವರು ಒಮ್ಮೆಲೇ ಹೆಚ್ಚಾದರು, ಬಸ್ಸುಗಳು ಆ ವೇಗದಲ್ಲಿ ಹೆಚ್ಚಾಗಲಿಲ್ಲ.

ಶಕ್ತಿಯನ್ನು ಆಡಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ತವರಿಗೆ, ಗುಡ್ಡಕ್ಕೆ, ಬೆಳಗಾವಿ-ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೋಗಲು ಗಂಡನ ಮುಂದೆ ಕೈಚಾಚಬೇಕಿಲ್ಲ ಅನ್ನುವುದು ಸಣ್ಣ ಮಾತಲ್ಲ. ನನ್ನ ತಕರಾರು ಬೇರೆ. ಉಚಿತ ಟಿಕೆಟ್ ನಡೆಯುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ. ವಿದ್ಯಾರ್ಥಿ ಪಾಸೂ ಅಷ್ಟೇ. ಟಂಟಂ ಅಣ್ಣ ಪಾಸು ನೋಡುವುದಿಲ್ಲ, ರೊಕ್ಕ ಕೇಳುತ್ತಾನೆ. ಅಂದರೆ ಬಸ್ಸು ಕೆಟ್ಟ ದಿನ ಕೈಯಲ್ಲಿ ಕಾಸಿದ್ದವರು ಊರು ಮುಟ್ಟುತ್ತಾರೆ; ಯಾರಿಗಾಗಿ ಪಾಸು ಮಾಡಿದ್ದೋ, ಯಾರಿಗಾಗಿ ಟಿಕೆಟ್ ಮಾಫಿ ಮಾಡಿದ್ದೋ ಅವರೇ ಕ್ರಾಸಿನಲ್ಲಿ ಉಳಿಯುತ್ತಾರೆ. ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದನ್ನು ಹಳೇ ರೇಡಿಯೇಟರ್ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

ಆದ್ದರಿಂದ ರಾಜ್ಯಕ್ಕೆ ಇಷ್ಟು ಹೊಸ ಬಸ್ಸು ಬಂತು ಅಂತ ಹಸಿರು ನಿಶಾನೆ ತೋರಿಸುವ ಫೋಟೋ ಪೇಪರಿನಲ್ಲಿ ಬಂದಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ. ಅದರಲ್ಲಿ ಹಳ್ಳಿಯ ಮಾರ್ಗಕ್ಕೆ ಎಷ್ಟು? ದಿನಕ್ಕೆ ಎರಡೇ ಬಸ್ಸಿರುವ ಊರಿಗೆ ಎಷ್ಟು ಲಕ್ಷ ಕಿ.ಮೀ. ಓಡಿದ ಗಾಡಿ ಹೋಗುತ್ತಿದೆ? ಪರ್ಯಾಯವೇ ಇಲ್ಲದ ಮಾರ್ಗಕ್ಕೆ ಗಟ್ಟಿ ಬಸ್ಸು, ಪರ್ಯಾಯವಿರುವ ಕಡೆ ಹಳೆಯದು ಅಂತ ಲೆಕ್ಕ ತಿರುಗಿಸಿದರೆ ಹೊಸ ಹಣವಿಲ್ಲದೆಯೂ ಎಷ್ಟೋ ಸರಿಹೋದೀತು. ಮಾರ್ಚ್ ಬರುವ ಮುನ್ನ ರೇಡಿಯೇಟರ್ ತೊಳೆಸುವುದಕ್ಕೆ, ಪರೀಕ್ಷೆಯ ದಿನಗಳಲ್ಲಿ ಆ ಮಾರ್ಗದ ಬಸ್ಸನ್ನು ಜಾತ್ರೆಗೆ, ಮದುವೆಗೆ ಕಳಿಸದಿರುವುದಕ್ಕೆ ಮಹಾ ಯೋಜನೆಯೇನೂ ಬೇಕಿಲ್ಲ.

ಹಳಿ ಎಲ್ಲಿ ಹಾಕಬೇಕೆಂದು ಲಂಡನ್ನಿನ ಕಂಪನಿಯೊಂದು ತೀರ್ಮಾನಿಸಿದಾಗ ಈ ನಾಲ್ಕು ಊರಿನವರನ್ನು ಯಾರೂ ಕೇಳಿರಲಿಲ್ಲ. ಬಸ್ಸು ಮಾತ್ರ ನಮ್ಮದೇ ಸರ್ಕಾರದ್ದು, ಅದರ ದಾರಿ ನಾಳೆ ಬೆಳಿಗ್ಗೆಯೇ ಬದಲಿಸಬಹುದು. ನಿಮ್ಮೂರಿನ ಕೊನೆಯ ಬಸ್ಸು ಎಷ್ಟು ಲಕ್ಷ ಓಡಿದೆ ಅಂತ ಒಮ್ಮೆ ಕಂಡಕ್ಟರನ್ನು ಕೇಳಿ ನೋಡಿ. ಮೀಟರ್ ನಡೆಯುತ್ತಿದ್ದರೆ ಹೇಳಿಯಾರು.